ಸೂರಿನ ನೀರಿಗೆ ಹೊಣೆ ಯಾರು? ಮನೆ ವಿಮೆ ಮತ್ತು ಮಳೆನೀರಿನ ದೋಣಿ

ಮನೆ ಕಟ್ಟುವಾಗ ಬಾಗಿಲಿನ ಮರ, ನೆಲದ ಟೈಲ್ಸ್, ಅಡುಗೆಮನೆಯ ಕಟ್ಟೆಕಲ್ಲುಗಳ ಬಗ್ಗೆ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಮಾಡಿನ ಮೇಲೆ ಬಿದ್ದ ಮಳೆನೀರು ಎಲ್ಲಿಗೆ ಹೋಗಬೇಕು ಎಂಬ ಮಾತು ಬರುವುದು ಕೊನೆಗೆ, ಕೈಯಲ್ಲಿ ಹಣ ಮುಗಿಯುತ್ತ ಬಂದ ಮೇಲೆ. ಸೂರಿನ ಅಂಚಿಗೆ ತಗಡಿನದೋ ಪಿವಿಸಿಯದೋ ಒಂದು ದೋಣಿ, ಗೋಡೆಗುಂಟ ಇಳಿಯುವ ಒಂದು ಪೈಪ್, ಅಲ್ಲಿಗೆ ಕೆಲಸ ಮುಗಿಯಿತು. ಆಮೇಲೆ ಅದರ ನೆನಪಾಗುವುದು ಗೋಡೆಗೆ ಪಾಚಿ ಕಟ್ಟಿದಾಗ, ಸೀಲಿಂಗಿನ ಬಣ್ಣ ಉಬ್ಬಿದಾಗ ಅಥವಾ ಗಾಳಿಮಳೆಗೆ ದೋಣಿಯೇ ಕಿತ್ತು ಅಂಗಳಕ್ಕೆ ಬಿದ್ದಾಗ. ಆಗ ಮನೆಯವರಿಗೆ ಇನ್ನೊಂದು ವಿಷಯವೂ ನೆನಪಾಗುತ್ತದೆ: ಗೃಹಸಾಲದ ಜೊತೆಗೆ ಬ್ಯಾಂಕಿನವರು ಮಾಡಿಸಿದ ಮನೆ ವಿಮೆ. ಅದರಲ್ಲಿ ಇದಕ್ಕೆ ಹಣ ಬರುತ್ತದೆಯೇ?

ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಮಾತಿನ ಉತ್ತರವಿಲ್ಲ. ದೋಣಿ ಮುರಿದದ್ದು ಯಾವುದರಿಂದ, ನೀರು ಒಳಬಂದದ್ದು ಹೇಗೆ, ಮನೆಯನ್ನು ಹೇಗೆ ಇಟ್ಟುಕೊಂಡಿದ್ದೆವು ಎಂಬ ಮೂರರ ಮೇಲೆ ಉತ್ತರ ನಿಂತಿದೆ. ವಿಮೆ ಮತ್ತು ನಿರ್ವಹಣೆ ಬೇರೆ ಬೇರೆ ವಿಷಯಗಳೆಂದು ನಾವು ಭಾವಿಸಿದ್ದೇವೆ. ಸೂರಿನ ನೀರಿನ ವಿಚಾರದಲ್ಲಿ ಅವೆರಡೂ ಒಂದೇ ಲೆಕ್ಕದ ಎರಡು ಪುಟಗಳು. ಕರ್ನಾಟಕದ ಮಳೆ, ನಮ್ಮ ಮನೆಗಳ ಬಗೆ ಮತ್ತು ಭಾರತದಲ್ಲಿ ಈಗ ಜಾರಿಯಲ್ಲಿರುವ ಪಾಲಿಸಿಯ ಒಕ್ಕಣೆ, ಈ ಮೂರನ್ನೂ ಜೊತೆಗಿಟ್ಟು ಇಡೀ ಪ್ರಶ್ನೆಯನ್ನು ನೋಡುವುದು ಈ ಲೇಖನದ ಉದ್ದೇಶ.

ಒಂದು ಮಾಡಿನ ಮೇಲೆ ಬೀಳುವ ನೀರು

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. 100 ಚದರ ಮೀಟರ್ ಮಾಡಿರುವ ಸಾಧಾರಣ ಮನೆಯ ಮೇಲೆ ಗಂಟೆಗೆ 25 ಮಿ.ಮೀ. ಮಳೆ ಸುರಿದರೆ ಆ ಒಂದು ಗಂಟೆಯಲ್ಲಿ 2,500 ಲೀಟರ್ ನೀರು ಸೂರಿನ ಅಂಚಿಗೆ ಬರುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. ಅಂದರೆ ಅದೇ ಮಾಡಿನಿಂದ ವರ್ಷಕ್ಕೆ ಒಂದು ಲಕ್ಷ ಲೀಟರಿಗೆ ತುಸು ಕಡಿಮೆ. ಕರಾವಳಿಯ 3,500 ಮಿ.ಮೀ. ಲೆಕ್ಕದಲ್ಲಿ ಮೂರೂವರೆ ಲಕ್ಷ ಲೀಟರ್. ವಾರ್ಷಿಕ ಸರಾಸರಿ 7,000 ಮಿ.ಮೀ. ದಾಟುವ ಆಗುಂಬೆಯಲ್ಲಿ ಏಳು ಲಕ್ಷ ಲೀಟರ್. ಇಷ್ಟು ನೀರನ್ನು ಗೋಡೆಗೂ ಪಾಯಕ್ಕೂ ತಾಗದಂತೆ ದೂರ ಒಯ್ಯುವ ಕೆಲಸವನ್ನು ನಾವು ಒಂದು ಗೇಣು ಅಗಲದ ದೋಣಿಗೆ ವಹಿಸಿದ್ದೇವೆ.

ಮಲೆನಾಡು, ಕರಾವಳಿಯ ಹಿರಿಯರಿಗೆ ಇದರ ಅರಿವು ಚೆನ್ನಾಗಿಯೇ ಇತ್ತು. ಅಡಿಕೆ ಮರವನ್ನು ಸೀಳಿ ತಿರುಳು ತೆಗೆದ ದಬ್ಬೆ ಅಥವಾ ದಂಬೆಯನ್ನು ಸೂರಿಗೆ ಕಟ್ಟಿ ನೀರನ್ನು ಅಂಗಳದಾಚೆಗೆ ಹಾಯಿಸುತ್ತಿದ್ದರು. ಸೂರನ್ನು ಗೋಡೆಯಿಂದ ಸಾಕಷ್ಟು ಮುಂದಕ್ಕೆ ಚಾಚುತ್ತಿದ್ದರು. ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸುವುದು, ಜಗುಲಿಗೆ ತೆಂಗಿನ ಗರಿಯ ತಟ್ಟಿ ಕಟ್ಟುವುದು ವರ್ಷದ ಕೆಲಸಗಳಲ್ಲೇ ಸೇರಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹುಲ್ಲಿನ ಮಾಡಿನ ಜಾಗಕ್ಕೆ ಹಂಚಿನ ಮಾಡು ಬಂತು. ಈಗ ಎಷ್ಟೋ ಕಡೆ ಹಂಚಿನ ಜಾಗಕ್ಕೆ ತಾರಸಿ ಬಂದಿದೆ, ತಾರಸಿ ಸೋರಿದಾಗ ಅದರ ಮೇಲೊಂದು ತಗಡಿನ ಮಾಡು ಬಂದಿದೆ. ಮಾಡು ಬದಲಾದಂತೆ ನೀರಿನ ದಾರಿಯೂ ಬದಲಾಗಬೇಕಿತ್ತು. ಬಹುತೇಕ ಮನೆಗಳಲ್ಲಿ ಹಾಗಾಗಿಲ್ಲ.

ದೋಣಿ ಕೆಟ್ಟಾಗ ಆಗುವ ಹಾನಿ ಒಂದೊಂದು ಸೀಮೆಯಲ್ಲಿ ಒಂದೊಂದು ಬಗೆ. ಕರಾವಳಿಯಲ್ಲಿ ಕೆಂಪುಕಲ್ಲಿನ ಗೋಡೆ ನೀರು ಹೀರಿ ಬುಡದಲ್ಲಿ ಗಾರೆ ಉದುರುತ್ತದೆ, ಉಪ್ಪುಗಾಳಿಗೆ ತಗಡಿನ ದೋಣಿ ಬೇಗ ತುಕ್ಕು ಹಿಡಿಯುತ್ತದೆ. ಮಲೆನಾಡಿನಲ್ಲಿ, ಕೊಡಗಿನಲ್ಲಿ ಗುಡ್ಡ ಕಡಿದು ಮಾಡಿದ ಜಾಗದಲ್ಲಿ ಮನೆ ಇರುವುದರಿಂದ ಹಿಂಬದಿಯ ಸೂರಿನ ನೀರು ಧರೆಯ ಬುಡಕ್ಕೆ ಇಂಗುತ್ತದೆ. ಧರೆ ಕುಸಿತಕ್ಕೆ ಮಳೆಯೊಂದೇ ಕಾರಣವಲ್ಲ, ನಿಂತ ನೀರೂ ಕಾರಣ. ಬಯಲುಸೀಮೆಯ ಕಪ್ಪು ಎರೆಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗುತ್ತದೆ. ಪಾಯದ ಪಕ್ಕ ಒಂದೇ ಕಡೆ ನೀರು ಸುರಿಯುತ್ತಿದ್ದರೆ ಗೋಡೆಯಲ್ಲಿ ಓರೆ ಬಿರುಕು ಕಾಣಿಸಿಕೊಳ್ಳುತ್ತದೆ. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆಗಳಲ್ಲಿ ನೀರು ಹೊರಹಾಕುವ ಕೊಳವೆ ಕಟ್ಟಿಕೊಂಡರೆ ಇಡೀ ಮಾಳಿಗೆಯೇ ನೆನೆದು ಭಾರವಾಗುತ್ತದೆ, ಬಿಡದೆ ಸುರಿಯುವ ಮಳೆಯಲ್ಲಿ ಕುಸಿಯುತ್ತದೆ.

ನಗರದ ತಾರಸಿಯದು ಇನ್ನೊಂದು ಕಥೆ. ಸುತ್ತ ಪ್ಯಾರಪೆಟ್ ಇರುವ 100 ಚದರ ಮೀಟರ್ ತಾರಸಿಯಲ್ಲಿ ಪೈಪಿನ ಬಾಯಿ ಎಲೆಯಿಂದ ಮುಚ್ಚಿಹೋಗಿ ಬರೀ 10 ಸೆಂ.ಮೀ. ನೀರು ನಿಂತರೂ ಅದರ ತೂಕ 10 ಟನ್. ಸ್ಲ್ಯಾಬ್ ಅದನ್ನು ತಡೆದುಕೊಂಡರೂ ನೀರು ಕಂಬಿಯವರೆಗೆ ಇಳಿದು ತುಕ್ಕು ಹಿಡಿಸುತ್ತದೆ. ಕೆಲವು ವರ್ಷಗಳಲ್ಲಿ ಕಾಂಕ್ರೀಟ್ ಚಕ್ಕೆ ಚಕ್ಕೆಯಾಗಿ ಉದುರತೊಡಗುತ್ತದೆ.

ಪಾಲಿಸಿ ಹೇಳುವುದೇನು

ಭಾರತದಲ್ಲಿ ಮನೆ ವಿಮೆ ಎಂದರೆ ಈಗ ಮುಖ್ಯವಾಗಿ ‘ಭಾರತ್ ಗೃಹ ರಕ್ಷಾ’. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ರೂಪಿಸಿದ ಈ ಮಾದರಿ ಪಾಲಿಸಿ 2021ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಬೆಂಕಿ ವಿಮೆಯ ವ್ಯವಹಾರ ಮಾಡುವ ಸಾಮಾನ್ಯ ವಿಮಾ ಕಂಪನಿಗಳೆಲ್ಲ ಇದನ್ನು ಮಾರಲೇಬೇಕು. ಕಂಪನಿ ಯಾವುದಾದರೂ ಮೂಲ ಒಕ್ಕಣೆ ಒಂದೇ. ಹಾಗಾಗಿ ಇದರ ಬಗ್ಗೆ ತಿಳಿದುಕೊಂಡರೆ ಎಲ್ಲರಿಗೂ ಉಪಯೋಗ.

ಮೊದಲನೆಯ ಪ್ರಶ್ನೆ: ದೋಣಿ ಮನೆಯ ಭಾಗವೇ? ಹೌದು. ನೆಲ, ಗೋಡೆ, ಮಾಡಿಗೆ ಕಾಯಂ ಆಗಿ ಜೋಡಿಸಿದ್ದೆಲ್ಲ ಈ ಪಾಲಿಸಿಯಲ್ಲಿ ಕಟ್ಟಡದ ಲೆಕ್ಕ. ಜೊತೆಗೆ ಗ್ಯಾರೇಜು, ಕಾಂಪೌಂಡ್ ಗೋಡೆ, ಗೇಟು, ಧರೆ ತಡೆಯುವ ಗೋಡೆ, ಜಗುಲಿ, ನೀರಿನ ಟ್ಯಾಂಕ್, ಸೆಪ್ಟಿಕ್ ಟ್ಯಾಂಕ್, ಸೋಲಾರ್ ಫಲಕಗಳೂ ಸೇರುತ್ತವೆ. ಆದ್ದರಿಂದ ಸೂರಿಗೆ ಬಿಗಿದ ದೋಣಿ, ಗೋಡೆಗೆ ಕ್ಲ್ಯಾಂಪ್ ಹಾಕಿದ ಪೈಪ್ ಎರಡೂ ಕಟ್ಟಡದ ಅಂಗ. ಅವುಗಳಿಗೆಂದು ಬೇರೆ ವಿಮೆ ಬೇಕಿಲ್ಲ.

ಎರಡನೆಯದು ವಿಮಾ ಮೊತ್ತ. ಕಾರ್ಪೆಟ್ ಏರಿಯಾವನ್ನು ಚದರ ಮೀಟರಿನ ಈಗಿನ ನಿರ್ಮಾಣ ವೆಚ್ಚದಿಂದ ಗುಣಿಸಿದರೆ ಸಿಗುವುದೇ ಕಟ್ಟಡದ ವಿಮಾ ಮೊತ್ತ. ಇದರಲ್ಲಿ ನಿವೇಶನದ ಬೆಲೆ ಸೇರುವುದಿಲ್ಲ. ಉದಾಹರಣೆಗೆ 100 ಚದರ ಮೀಟರ್ ಮನೆಗೆ ಚದರ ಮೀಟರಿಗೆ 20,000 ರೂಪಾಯಿ ಎಂದು ಹಿಡಿದರೆ ಮೊತ್ತ 20 ಲಕ್ಷ. ಮನೆಯ ಸಾಮಾನು ಸರಂಜಾಮಿಗೆ ಇದರ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ ತಾನಾಗಿಯೇ ರಕ್ಷಣೆ ಸಿಗುತ್ತದೆ. ಅಂದರೆ ಈ ಉದಾಹರಣೆಯಲ್ಲಿ 4 ಲಕ್ಷ. ಹತ್ತು ವರ್ಷದವರೆಗಿನ ದೀರ್ಘ ಪಾಲಿಸಿ ಕೊಂಡರೆ ಕಟ್ಟಡದ ವಿಮಾ ಮೊತ್ತ ಪ್ರತಿವರ್ಷ ಶೇ. 10ರಷ್ಟು ಏರುತ್ತದೆ. ಇನ್ನೊಂದು ದೊಡ್ಡ ಅನುಕೂಲವಿದೆ. ಹಳೆಯ ಪಾಲಿಸಿಗಳಲ್ಲಿ ಮನೆಯ ನಿಜ ಬೆಲೆಗಿಂತ ಕಡಿಮೆಗೆ ವಿಮೆ ಮಾಡಿಸಿದ್ದರೆ ಕ್ಲೇಮಿನ ಹಣವನ್ನೂ ಅದೇ ಅನುಪಾತದಲ್ಲಿ ಕತ್ತರಿಸುತ್ತಿದ್ದರು. ಭಾರತ್ ಗೃಹ ರಕ್ಷಾದಲ್ಲಿ ಆ ಕತ್ತರಿ ಇಲ್ಲ.

ಮೂರನೆಯದೇ ಮುಖ್ಯ. ಇದು ಹೆಸರಿಸಿದ ಅಪಾಯಗಳ ಪಾಲಿಸಿ. ಪಟ್ಟಿಯಲ್ಲಿರುವ ಕಾರಣದಿಂದ ಹಾನಿಯಾದರೆ ಮಾತ್ರ ಹಣ. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ಚಂಡಮಾರುತ, ಸುನಾಮಿ, ಪ್ರವಾಹ, ಜಲಾವೃತ, ಭೂಕುಸಿತ, ಬಂಡೆ ಉರುಳುವಿಕೆ, ಕಾಡ್ಗಿಚ್ಚು, ಹೊರಗಿನ ವಸ್ತುವಿನ ಬಡಿತ, ಗಲಭೆ, ಭಯೋತ್ಪಾದನೆ, ನೀರಿನ ಟ್ಯಾಂಕು ಹಾಗೂ ಪೈಪುಗಳ ಒಡೆತ ಅಥವಾ ತುಂಬಿ ಹರಿಯುವಿಕೆ, ಇವೆಲ್ಲ ಪಟ್ಟಿಯಲ್ಲಿವೆ. ಪಟ್ಟಿಯನ್ನು ಇನ್ನೊಮ್ಮೆ ಓದಿ. ಅದರಲ್ಲಿ ‘ಮಳೆ’ ಇಲ್ಲ. ಬಿರುಗಾಳಿ ಇದೆ, ಪ್ರವಾಹ ಇದೆ, ಬರೀ ಮಳೆ ಇಲ್ಲ. ನಮ್ಮ ನಾಡಿನಲ್ಲಿ ಮನೆಗೆ ಆಗುವ ಹಾನಿಯ ದೊಡ್ಡ ಪಾಲು ಈ ಬರೀ ಮಳೆಯಿಂದ, ಅದೂ ನಿಧಾನವಾಗಿ ಆಗುವಂಥದ್ದು.

ಯಾವುದಕ್ಕೆ ಹಣ, ಯಾವುದಕ್ಕಿಲ್ಲ

ಒಂದೊಂದೇ ಸಂದರ್ಭ ನೋಡೋಣ. ಮೇ ತಿಂಗಳ ಗುಡುಗು ಮಳೆಯಲ್ಲಿ ಪಕ್ಕದ ಮರದ ಕೊಂಬೆ ಮುರಿದು ಸೂರಿನ ಮೇಲೆ ಬಿತ್ತು. ಹಂಚು ಒಡೆಯಿತು, ದೋಣಿ ಬಾಗಿತು. ಇದು ಬಡಿತದ ಹಾನಿ, ಬಿರುಗಾಳಿಯ ಹಾನಿಯೂ ಹೌದು. ಪಾಲಿಸಿಗೆ ಸ್ಪಷ್ಟವಾಗಿ ಒಳಪಡುತ್ತದೆ. ಗಾಳಿಯೇ ತಗಡಿನ ಮಾಡನ್ನೂ ದೋಣಿಯನ್ನೂ ಎತ್ತಿ ಎಸೆದರೂ ಹಾಗೆಯೇ. ರಿವರ್ಸ್ ತೆಗೆಯುತ್ತಿದ್ದ ಲಾರಿ ಗೋಡೆಗೆ ಗುದ್ದಿ ಇಳಿಪೈಪು ಪುಡಿಯಾದರೂ ಒಳಪಡುತ್ತದೆ. ಹಿಂದಿನ ಗುಡ್ಡ ಜಾರಿ ಮನೆಗೆ ಹಾನಿಯಾದರೆ ಭೂಕುಸಿತದ ಅಡಿ ಕೇಳಬಹುದು. ಆದರೆ ತುಂಬಿಸಿದ ಮಣ್ಣು ತಾನಾಗಿ ಕೂತದ್ದು, ಹೊಸ ಕಟ್ಟಡದ ಸಹಜ ಬಿರುಕು, ನದಿ ಅಥವಾ ಕಡಲ ಕೊರೆತ, ಕೆಟ್ಟ ವಿನ್ಯಾಸ, ಕಳಪೆ ಕಾಮಗಾರಿ, ಇವುಗಳಿಂದ ಆದ ಕುಸಿತವನ್ನು ಪಾಲಿಸಿ ಹೊರಗಿಟ್ಟಿದೆ. ಧರೆಯ ಬುಡಕ್ಕೆ ವರ್ಷಾನುಗಟ್ಟಲೆ ಸೂರಿನ ನೀರು ಬಿಟ್ಟಿದ್ದರೆ, ಹಾನಿ ಅಂದಾಜಿಸಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಈ ಹೊರಗಿಟ್ಟ ಪಟ್ಟಿಯತ್ತ ಬೆರಳು ತೋರಿಸುವ ಸಾಧ್ಯತೆ ಇದೆ.

ಇನ್ನು ಹಣ ಬಾರದ ಸಂದರ್ಭಗಳು. ತುಕ್ಕು ಹಿಡಿದ ದೋಣಿ ಒಂದು ದಿನ ತಾನಾಗಿ ಕಳಚಿ ಬಿದ್ದರೆ ಅದು ಸವಕಳಿ. ಎಲೆ ಕಟ್ಟಿಕೊಂಡು ತುಂಬಿ ಹರಿದ ದೋಣಿಯಿಂದ ಗೋಡೆ ತೇವವಾಗಿ ಬಣ್ಣ ಕಿತ್ತರೆ ಅದು ಪಟ್ಟಿಯಲ್ಲಿರುವ ಯಾವ ಅಪಾಯವೂ ಅಲ್ಲ. ತಾರಸಿಯ ಬಿರುಕಿನಿಂದ ಜಿನುಗಿದ ನೀರಿಗೂ ಅದೇ ಉತ್ತರ. ಮಂಗಗಳು ದೋಣಿ ಹಿಡಿದು ಜೋತಾಡಿ ಮುರಿದರೆ, ಮಲೆನಾಡಿನ ಎಷ್ಟೋ ಊರುಗಳಲ್ಲಿ ಇದು ನಿತ್ಯದ ಗೋಳು, ಆ ಹಾವಳಿಗೆ ಪಟ್ಟಿಯಲ್ಲಿ ಹೆಸರಿಲ್ಲ. ಅಲ್ಯೂಮಿನಿಯಂ ದೋಣಿಯನ್ನು ಕಳ್ಳರು ಬಿಚ್ಚಿಕೊಂಡು ಹೋದರೆ, ಪಟ್ಟಿಯಲ್ಲಿರುವ ಅವಘಡವೊಂದು ನಡೆದು ಅದರ ಕಾರಣದಿಂದಲೇ ಏಳು ದಿನದೊಳಗೆ ಆದ ಕಳವಿಗೆ ಮಾತ್ರ ಮೂಲ ಪಾಲಿಸಿ ಹಣ ಕೊಡುತ್ತದೆ. ಮಾಮೂಲಿ ಕಳ್ಳತನಕ್ಕೆ ಬೇರೆ ರಕ್ಷಣೆ ಕೊಳ್ಳಬೇಕು.

ಇವೆರಡರ ನಡುವೆ ವಾದಕ್ಕೆ ಎಡೆಯಿರುವ ಸಂದರ್ಭಗಳಿವೆ. ಗಾಳಿಗೆ ಹಂಚು ಹಾರಿ, ಆ ಸಂದಿಯಿಂದ ಮಳೆ ಸುರಿದು ಟಿವಿ, ಹಾಸಿಗೆ ಹಾಳಾದರೆ ಬಿರುಗಾಳಿಯೇ ಮೂಲ ಕಾರಣವೆಂದು ಧೈರ್ಯವಾಗಿ ವಾದಿಸಬಹುದು. ಗಾಳಿಯಿಲ್ಲದ ಜಡಿಮಳೆಯಲ್ಲಿ ದೋಣಿ ಉಕ್ಕಿ ಅದೇ ನೀರು ಒಳಬಂದರೆ ವಾದ ಸಡಿಲವಾಗುತ್ತದೆ. ತಾರಸಿಯಲ್ಲಿ ನಿಂತ ನೀರನ್ನು ‘ಜಲಾವೃತ’ ಎನ್ನಬಹುದೇ? ರಸ್ತೆಯ ನೀರು ಮನೆಗೆ ನುಗ್ಗುವುದನ್ನು ಹಾಗೆಂದು ಕರೆಯುವುದು ಸುಲಭ, ನಮ್ಮದೇ ಪೈಪು ಕಟ್ಟಿಕೊಂಡು ನಿಂತ ನೀರನ್ನಲ್ಲ. ಓವರ್‌ಹೆಡ್ ಟ್ಯಾಂಕ್ ತುಂಬಿ ಹರಿದು ದೋಣಿಯ ಮೂಲಕ ಗೋಡೆಗಿಳಿದರೆ ಟ್ಯಾಂಕಿನ ಕಲಮು ನೆರವಿಗೆ ಬರುತ್ತದೆ. ನೀರು ಒಂದೇ ಗೋಡೆಗೆ ಇಳಿದಿರಬಹುದು, ಅದು ಎಲ್ಲಿಂದ ಬಂತು ಎಂಬುದರ ಮೇಲೆ ಹಣ ಬರುವುದೋ ಬಾರದೋ ತೀರ್ಮಾನವಾಗುತ್ತದೆ. ಆದ್ದರಿಂದ ಪಾಲಿಸಿ ಕೊಳ್ಳುವಾಗಲೇ ಇಂಥ ಪ್ರಶ್ನೆಗಳನ್ನು ಕಂಪನಿಗೆ ಇಮೇಲ್ ಮೂಲಕ ಕೇಳಿ, ಲಿಖಿತ ಉತ್ತರ ಇಟ್ಟುಕೊಳ್ಳುವುದು ಒಳ್ಳೆಯದು.

ಈ ವಿಂಗಡಣೆ ಅನ್ಯಾಯವೆಂದು ಕಾಣಬಹುದು. ಆದರೆ ಅದರ ಹಿಂದಿನ ತರ್ಕ ಸರಳ. ಕಾರಿಗೆ ವಿಮೆ ಇದ್ದರೂ ಎಂಜಿನ್ ಆಯಿಲ್ ಬದಲಿಸುವ ಖರ್ಚು ನಮ್ಮದೇ ಅಲ್ಲವೇ? ಆಗಬಹುದು, ಆಗದೆಯೂ ಇರಬಹುದು ಎಂಬಂಥ ಹಠಾತ್ ಹಾನಿಯನ್ನು ಹಲವರು ಹಂಚಿಕೊಳ್ಳುವುದು ವಿಮೆ. ಆಗಿಯೇ ತೀರುವ ಸವಕಳಿಯನ್ನು ಹಂಚಿಕೊಳ್ಳಲು ಹೊರಟರೆ ಪ್ರೀಮಿಯಂ ಯಾರ ಕೈಗೂ ಎಟುಕುವುದಿಲ್ಲ.

ಬೇರೆ ದೇಶಗಳಲ್ಲಿ ಹೇಗೆ

ಹೊರದೇಶಗಳಲ್ಲಿ ಮನೆ ಕೊಂಡ ಕನ್ನಡಿಗರಿಗೂ ಇದೇ ಗೆರೆ ಎದುರಾಗುತ್ತದೆ, ಎಳೆದ ರೀತಿ ಮಾತ್ರ ಬೇರೆ. ಅಮೆರಿಕದ ಜನಪ್ರಿಯ ಎಚ್‌ಒ-3 ಪಾಲಿಸಿ ಕಟ್ಟಡದ ಮಟ್ಟಿಗೆ ಎಲ್ಲ ಅಪಾಯಗಳನ್ನೂ ಒಳಗೊಂಡು, ಬೇಡದ್ದನ್ನು ಹೊರಗಿಡುತ್ತದೆ. ಸವಕಳಿ ಮತ್ತು ನಿರ್ಲಕ್ಷ್ಯ ಆ ಹೊರಗಿಟ್ಟ ಪಟ್ಟಿಯಲ್ಲಿವೆ. ಮನೆಯೊಳಗಿನ ಸಾಮಾನು ಮಳೆಯಿಂದ ಹಾಳಾದರೆ, ಗಾಳಿ ಅಥವಾ ಆಲಿಕಲ್ಲು ಮೊದಲು ಮಾಡನ್ನೋ ಗೋಡೆಯನ್ನೋ ಒಡೆದಿದ್ದರೆ ಮಾತ್ರ ಹಣ. ಪ್ರವಾಹಕ್ಕೆ ಅಲ್ಲಿ ಬೇರೆಯೇ ವಿಮೆ ಬೇಕು. 1968ರಿಂದ ಅದಕ್ಕೊಂದು ರಾಷ್ಟ್ರೀಯ ಯೋಜನೆ ಇದೆ. ಈ ಒಂದು ವಿಷಯದಲ್ಲಿ ಪ್ರವಾಹವನ್ನು ಮೂಲ ಪಾಲಿಸಿಯಲ್ಲೇ ಸೇರಿಸಿರುವ ನಮ್ಮ ವ್ಯವಸ್ಥೆ ಮೇಲು.

ಬ್ರಿಟನ್ನಿನ ವಿಮಾ ಕಂಪನಿಗಳ ಸಂಘ ಬಿರುಗಾಳಿ ಎಂದರೇನು ಎಂಬುದಕ್ಕೆ ಅಳತೆಯನ್ನೇ ಕೊಟ್ಟಿದೆ. ಗಂಟೆಗೆ 55 ಮೈಲಿ ವೇಗದ ಗಾಳಿ ಬೀಸಿದರೆ ಅಥವಾ ಗಂಟೆಗೆ 25 ಮಿ.ಮೀ. ಲೆಕ್ಕದಲ್ಲಿ ಮಳೆ ಸುರಿದರೆ ಅದನ್ನು ಬಿರುಗಾಳಿ ಎಂದು ಪರಿಗಣಿಸಬಹುದು. ಮಳೆಗೂ ಅಲ್ಲಿ ಒಂದು ಅಂಕಿ ಇದೆ ಎಂಬುದನ್ನು ನಾವು ಗಮನಿಸಬೇಕು.

ಸರ್ಕಾರದ ಪರಿಹಾರ ಸಾಲುವುದಿಲ್ಲ

ವಿಮೆ ಇಲ್ಲದವರು ಸರ್ಕಾರದ ಪರಿಹಾರವನ್ನು ನಂಬಿರುತ್ತಾರೆ. 2022ರಿಂದ 2026ರವರೆಗಿನ ವಿಪತ್ತು ಪರಿಹಾರ ಮಾರ್ಗಸೂಚಿಯಲ್ಲಿ ಮನೆ ಪೂರ್ತಿ ಬಿದ್ದರೆ ಬಯಲಿನಲ್ಲಿ 1.20 ಲಕ್ಷ, ಗುಡ್ಡಗಾಡಿನಲ್ಲಿ 1.30 ಲಕ್ಷ ರೂಪಾಯಿ ನಿಗದಿಯಾಗಿತ್ತು. ಪಕ್ಕಾ ಮನೆಗೆ ಭಾಗಶಃ ಹಾನಿಯಾಗಿ, ಆ ಹಾನಿ ಶೇ. 15ರಷ್ಟಾದರೂ ಇದ್ದರೆ 6,500 ರೂಪಾಯಿ. 2019ರ ಪ್ರವಾಹದ ನಂತರ ಕರ್ನಾಟಕ ಸರ್ಕಾರ ತನ್ನ ಪಾಲನ್ನೂ ಸೇರಿಸಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷದವರೆಗೆ, ಅಲ್ಪಸ್ವಲ್ಪ ಹಾನಿಗೆ 50,000 ರೂಪಾಯಿ ಕೊಡುವುದಾಗಿ ಹೇಳಿತು. ಅದು ದೊಡ್ಡ ಮನಸ್ಸಿನ ತೀರ್ಮಾನ, ಆದರೆ ಪ್ರತಿವರ್ಷದ ಹಕ್ಕಲ್ಲ. ದೋಣಿ, ಸೂರು, ನೆನೆದ ಗೋಡೆ ಇಂಥ ಹಾನಿ ಬಹುಪಾಲು ಶೇ. 15ರ ಗೆರೆಯ ಕೆಳಗೇ ಉಳಿಯುತ್ತದೆ. ಅಲ್ಲಿಗೆ ಸರ್ಕಾರದ ಕೈ ಚಾಚುವುದಿಲ್ಲ.

ನೆರೆಮನೆ ಮತ್ತು ಅಪಾರ್ಟ್‌ಮೆಂಟ್

ಸೂರಿನ ನೀರು ನಮ್ಮ ಗಡಿಯೊಳಗೇ ಉಳಿಯುತ್ತದೆ ಎಂದೇನಿಲ್ಲ. 30×40 ನಿವೇಶನಗಳಲ್ಲಿ ಎರಡು ಮನೆಗಳ ನಡುವೆ ಮೂರಡಿ ಜಾಗವೂ ಇರುವುದಿಲ್ಲ. ನಮ್ಮ ಪೈಪಿನ ನೀರು ಪಕ್ಕದವರ ಗೋಡೆ ನೆನೆಸಿದರೆ ಆ ಹಾನಿಗೆ ಮನೆಯ ಮೂಲ ಪಾಲಿಸಿ ಹೊಣೆ ಹೊರುವುದಿಲ್ಲ. ಅದಕ್ಕೆ ಮೂರನೆಯವರ ಹೊಣೆಗಾರಿಕೆಯ ರಕ್ಷಣೆ ಪ್ರತ್ಯೇಕವಾಗಿ ಬೇಕು. ಇನ್ನೊಬ್ಬರ ಜಾಗಕ್ಕೆ ಸೂರಿನ ನೀರು ಬೀಳಿಸುವುದು ಕಾನೂನಿನಲ್ಲಿ ಅನುಭೋಗದ ಹಕ್ಕಿನ ವಿಷಯ. 1882ರ ಕಾಯ್ದೆಯ ಪ್ರಕಾರ ಅಡ್ಡಿಯಿಲ್ಲದೆ ಇಪ್ಪತ್ತು ವರ್ಷ ಅನುಭವಿಸಿದ್ದರೆ ಅಂಥ ಹಕ್ಕನ್ನು ಸಾಧಿಸಬಹುದು. ಹಳೆಯ ಊರುಗಳ ಎಷ್ಟೋ ವ್ಯಾಜ್ಯಗಳ ಮೂಲ ಇದೇ. ಹೊಸದಾಗಿ ಕಟ್ಟುವವರು ದೋಣಿಯನ್ನು ತಮ್ಮ ಕಡೆಗೇ ಇಳಿಸಿದರೆ ನೆರೆಹೊರೆಯ ಸಂಬಂಧವೂ ಉಳಿಯುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಮಾಡು, ಹೊರಗೋಡೆಗಳು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಎಲ್ಲರ ಸೊತ್ತು. ಮಳೆನೀರಿನ ಪೈಪೂ ಹಾಗೆಯೇ. ಅದರ ನಿರ್ವಹಣೆ, ವಿಮೆ ಎರಡೂ ಸಂಘದ ಕೆಲಸ. ಮೇಲಿನ ಮಹಡಿಯವರು ಮಾತ್ರ ಸೋರಿಕೆಯ ಖರ್ಚು ಹೊರಬೇಕೆನ್ನುವುದು ಸರಿಯಲ್ಲ. ಸಂಘದ ವಾರ್ಷಿಕ ಸಭೆಯಲ್ಲಿ ಇಡೀ ಕಟ್ಟಡದ ವಿಮಾ ಪತ್ರವನ್ನು ಓದುವ ರೂಢಿ ಬರಬೇಕು.

ಮಳೆಯ ಪಂಚಾಂಗಕ್ಕೆ ತಕ್ಕ ನಿರ್ವಹಣೆ

ದೋಣಿಯ ಆರೈಕೆಗೆ ನಮ್ಮ ಮಳೆ ನಕ್ಷತ್ರಗಳೇ ಒಳ್ಳೆಯ ವೇಳಾಪಟ್ಟಿ. ಮೊದಲ ಸುತ್ತು ರೋಹಿಣಿ ಮಳೆಗೆ ಮುನ್ನ, ಮೇ ಮಧ್ಯದೊಳಗೆ. ಬೇಸಿಗೆಯಲ್ಲಿ ಉದುರಿದ ಹೊಂಗೆ, ಬೇವು, ಮಾವಿನ ಎಲೆ, ದೂಳು, ಹಕ್ಕಿಗೂಡು ಎಲ್ಲವನ್ನೂ ಕೈಯಿಂದ ಬಾಚಿ ತೆಗೆದು ಆಮೇಲೆ ನೀರು ಬಿಡಬೇಕು. ಮೊದಲೇ ನೀರು ಬಿಟ್ಟರೆ ಕಸವೆಲ್ಲ ಪೈಪಿನ ಬಾಯಿಗೆ ಹೋಗಿ ಕೂರುತ್ತದೆ. ಎರಡನೆಯದು ಮುಂಗಾರಿನ ನಡುವೆ, ಆಶ್ಲೇಷಾ ಮಳೆ ಬಿಡುವು ಕೊಟ್ಟ ದಿನ. ಮೂರನೆಯದು ಸ್ವಾತಿ ಮಳೆ ಮುಗಿದ ಮೇಲೆ, ನವೆಂಬರಿನಲ್ಲಿ. ಹಿಂಗಾರು ಬಲವಾಗಿರುವ ಬೆಂಗಳೂರು, ಕೋಲಾರದ ಕಡೆ ಸೆಪ್ಟೆಂಬರಿನಲ್ಲೂ ಒಮ್ಮೆ ನೋಡುವುದು ಮೇಲು. ಸಿಲ್ವರ್ ಓಕ್, ಗಾಳಿಮರಗಳ ಪಕ್ಕದ ಮನೆಗಳಿಗೆ ಇಷ್ಟೂ ಸಾಲದು. ಜಾಲರಿ ಹಾಕಿದರೆ ದೊಡ್ಡ ಎಲೆ ತಡೆಯುತ್ತದೆ, ಆದರೆ ಜಾಲರಿಯನ್ನೂ ತೊಳೆಯಬೇಕು.

ಸ್ವಚ್ಛ ಮಾಡುವಾಗಲೇ ಪರೀಕ್ಷೆಯೂ ಆಗಲಿ. ದೋಣಿಗೆ ಮೀಟರಿಗೆ 3ರಿಂದ 5 ಮಿ.ಮೀ. ಇಳಿಜಾರು ಇರಬೇಕು. ಒಂದು ತುದಿಯಲ್ಲಿ ಚೊಂಬು ನೀರು ಹೊಯ್ದು ನೋಡಿದರೆ ಎಲ್ಲಿ ನಿಲ್ಲುತ್ತದೆ ಎಂದು ಕಾಣುತ್ತದೆ. ಹಿಡಿಕೆಗಳು ಎರಡಡಿಗೊಂದರಂತೆ ಗಟ್ಟಿಯಾಗಿರಬೇಕು. ಕೀಲುಗಳಲ್ಲಿ ಸೀಲಂಟ್ ಒಣಗಿದೆಯೇ, ಬಿಸಿಲಿಗೆ ಪಿವಿಸಿ ಸೀಳಿದೆಯೇ, ತಗಡಿನಲ್ಲಿ ತೂತು ಬಿದ್ದಿದೆಯೇ ಎಂದು ನೋಡಬೇಕು. ಗಂಟೆಗೆ 100 ಮಿ.ಮೀ. ರಭಸದ ಮಳೆಗೆ 100 ಮಿ.ಮೀ. ವ್ಯಾಸದ ಒಂದು ಇಳಿಪೈಪು ಸುಮಾರು 40 ಚದರ ಮೀಟರ್ ಮಾಡಿನ ನೀರನ್ನಷ್ಟೇ ಸಾಗಿಸಬಲ್ಲದು. 100 ಚದರ ಮೀಟರ್ ತಾರಸಿಗೆ ಒಂದೇ ಪೈಪಿರುವ ಮನೆಗಳು ನಮ್ಮ ನಗರಗಳಲ್ಲಿ ಬೇಕಾದಷ್ಟಿವೆ. ಇನ್ನೆರಡು ಪೈಪು ಸೇರಿಸುವ ಖರ್ಚು, ಒಮ್ಮೆ ಸ್ಲ್ಯಾಬ್ ದುರಸ್ತಿ ಮಾಡಿಸುವ ಖರ್ಚಿನ ಮುಂದೆ ಏನೂ ಅಲ್ಲ. ಪೈಪಿನ ಕೊನೆಯಲ್ಲಿ ನೀರು ಪಾಯದ ಬುಡಕ್ಕೆ ಬೀಳದೆ ಚರಂಡಿಗೋ ಇಂಗುಗುಂಡಿಗೋ ಹೋಗಬೇಕು. ಧರೆಯ ಪಕ್ಕದ ಮನೆಯವರಂತೂ ಹಿಂಬದಿಯ ಸೂರಿನ ನೀರನ್ನು ಮುಂದಿನ ಅಂಗಳದ ಕಡೆ ತರಲೇಬೇಕು.

ಬೆಂಗಳೂರಿನಲ್ಲಿ ಇದು ಕಾನೂನಿನ ವಿಷಯವೂ ಹೌದು. ಜಲಮಂಡಳಿ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿಯಿಂದ 2,400 ಚದರ ಅಡಿ ಹಾಗೂ ಹೆಚ್ಚಿನ ನಿವೇಶನದ ಹಳೆಯ ಮನೆಗಳಿಗೂ, 1,200 ಚದರ ಅಡಿ ಹಾಗೂ ಹೆಚ್ಚಿನ ನಿವೇಶನದ ಹೊಸ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ದೋಣಿ ಶುದ್ಧವಿಲ್ಲದಿದ್ದರೆ ಸಂಪಿಗೆ ಬರುವುದು ಕೊಳೆತ ಎಲೆಯ ಕಷಾಯ. ದೋಣಿಯಲ್ಲಿ ನಿಂತ ನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಹತ್ತು ದಿನದೊಳಗೆ ಮೊಟ್ಟೆಯಿಂದ ಹೊರಟು ಹಾರಾಡತೊಡಗಬಲ್ಲದು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗದ ಪಟ್ಟಿಗೆ ಸೇರಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ದಂಡವನ್ನೂ ಗೊತ್ತುಮಾಡಿತು.

ಒಂದು ಎಚ್ಚರಿಕೆ. ಒದ್ದೆ ಹಂಚಿನ ಮೇಲೆ, ಹಳೆಯ ಸಿಮೆಂಟ್ ಶೀಟಿನ ಮೇಲೆ ಯಾರೂ ನಡೆಯಬಾರದು. ಏಣಿ ಹಿಡಿಯಲು ಕೆಳಗೊಬ್ಬರು ಇರಲೇಬೇಕು. ಸೂರಿನ ಹತ್ತಿರ ವಿದ್ಯುತ್ ತಂತಿ ಇದ್ದರೆ ಲೈನ್‌ಮನ್‌ಗೆ ಹೇಳದೆ ಕಬ್ಬಿಣದ ಏಣಿ ಎತ್ತಬಾರದು. ಕೆಲಸಕ್ಕೆ ಬಂದವರ ಸುರಕ್ಷತೆ ಮನೆಯವರ ಹೊಣೆ.

ಹಾನಿಯಾದ ದಿನ

ನಿರ್ವಹಣೆಗೂ ವಿಮೆಗೂ ನಂಟು ಬೆಸೆಯುವುದು ಕ್ಲೇಮ್ ಮಾಡುವಾಗ. ಮನೆಯನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಪಾಲಿಸಿದಾರರ ಕರ್ತವ್ಯ. ಮೇ ತಿಂಗಳಲ್ಲಿ ಸ್ವಚ್ಛ ಮಾಡಿಸಿದ ದೋಣಿಯ ದಿನಾಂಕವಿರುವ ಫೋಟೊ, ಪ್ಲಂಬರಿಗೆ ಹಣ ಕೊಟ್ಟ ರಸೀದಿ ಅಥವಾ ಯುಪಿಐ ದಾಖಲೆ ಕೈಯಲ್ಲಿದ್ದರೆ, ಜೂನಿನ ಹಾನಿ ಗಾಳಿಯಿಂದಲೇ ಆದದ್ದು, ಸವಕಳಿಯಿಂದಲ್ಲ ಎಂದು ತೋರಿಸುವುದು ಸುಲಭ.

ಹಾನಿಯಾದ ಕೂಡಲೇ ಕಂಪನಿಗೆ ತಿಳಿಸಿ ಕ್ಲೇಮ್ ಸಂಖ್ಯೆ ಪಡೆಯಬೇಕು. ಮುರಿದ ದೋಣಿ, ಹಂಚಿನ ಚೂರು, ಬಿದ್ದ ಕೊಂಬೆ ಎಲ್ಲವನ್ನೂ ತೆಗೆದುಹಾಕುವ ಮೊದಲು ಫೋಟೊ ತೆಗೆಯಬೇಕು. ಮತ್ತಷ್ಟು ಹಾನಿಯಾಗದಂತೆ ಟಾರ್ಪಾಲು ಹೊದೆಸುವುದು ತಪ್ಪಲ್ಲ, ಮಾಡಲೇಬೇಕಾದ ಕೆಲಸ. ಅದರ ಬಿಲ್ ಇಟ್ಟುಕೊಳ್ಳಬೇಕು. ಕ್ಲೇಮ್ ಅರ್ಜಿಯನ್ನು 30 ದಿನದೊಳಗೆ ಸಲ್ಲಿಸಬೇಕು. ಆ ದಿನ ನಿಮ್ಮೂರಲ್ಲಿ ಎಷ್ಟು ಮಳೆಯಾಯಿತು ಎಂಬುದಕ್ಕೆ ಕರ್ನಾಟಕದಲ್ಲಿ ಒಳ್ಳೆಯ ಸಾಕ್ಷಿ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆ ಅಳೆಯುವ ಯಂತ್ರಗಳನ್ನು ಇರಿಸಿದೆ. ಪಾಲಿಸಿದಾರರು ಆ ಅಂಕಿಯನ್ನು ಬಳಸಿಕೊಳ್ಳಬೇಕು. ಸರ್ವೇಯರ್ ಬಂದಾಗ ಜೊತೆಗಿದ್ದು, ಅವರ ವರದಿಯ ಪ್ರತಿ ಕೇಳಬೇಕು. ಕ್ಲೇಮ್ ಮಂಜೂರಾದರೆ ಅವಶೇಷ ಸಾಗಿಸಲು ಕ್ಲೇಮಿನ ಶೇ. 2, ಎಂಜಿನಿಯರ್ ಶುಲ್ಕಕ್ಕೆ ಶೇ. 5ರವರೆಗೆ ಸಿಗುತ್ತದೆ. ಬಹಳ ಜನ ಇದನ್ನು ಕೇಳುವುದೇ ಇಲ್ಲ.

ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ತಿಂಗಳಾದರೂ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ಪರಿಹಾರಕ್ಕೆ ಆದೇಶ ನೀಡುವ ಅಧಿಕಾರ ಅವರಿಗಿದೆ.

ಆಗಬೇಕಾದದ್ದು

ಭಾರತ್ ಗೃಹ ರಕ್ಷಾ ಒಳ್ಳೆಯ ಪಾಲಿಸಿ. ಭಾಷೆ ಸರಳ, ರಕ್ಷಣೆ ವಿಶಾಲ. ಆದರೂ ಮೂರು ತಿದ್ದುಪಡಿ ಬೇಕು ಎನಿಸುತ್ತದೆ. ಮೊದಲನೆಯದು, ಅತಿವೃಷ್ಟಿಯ ಮಳೆಗೆ ಒಂದು ಅಳತೆ ಗೊತ್ತುಮಾಡಿ ಅದನ್ನೂ ಹೆಸರಿಸಿದ ಅಪಾಯಗಳ ಪಟ್ಟಿಗೆ ಸೇರಿಸಬೇಕು. ಪಂಚಾಯಿತಿ ಮಟ್ಟದ ಮಳೆ ಅಂಕಿ ಇರುವ ನಮ್ಮ ರಾಜ್ಯದಲ್ಲಿ ಇದು ಕಷ್ಟವಲ್ಲ. ಎರಡನೆಯದು, ಪಾಲಿಸಿಯ ಪೂರ್ಣ ಪಠ್ಯ ಕನ್ನಡದಲ್ಲಿ ಗ್ರಾಹಕರ ಕೈಗೆ ತಾನಾಗಿ ಬರಬೇಕು. ಧರೆ, ಸೂರು, ಹಂಚು ಎಂಬ ನಮ್ಮ ಮಾತುಗಳಲ್ಲೇ ಏನು ಒಳಗೆ, ಏನು ಹೊರಗೆ ಎಂದು ಅದು ಹೇಳಬೇಕು. ಮೂರನೆಯದು, ಮಳೆಗಾಲಕ್ಕೆ ಮುನ್ನ ಮಾಡು ಮತ್ತು ದೋಣಿ ದುರಸ್ತಿ ಮಾಡಿಸಿದ ದಾಖಲೆ ಕೊಟ್ಟವರಿಗೆ ಪ್ರೀಮಿಯಂನಲ್ಲಿ ರಿಯಾಯಿತಿ ಸಿಗಬೇಕು. ಅದರಿಂದ ಕಂಪನಿಗೂ ಲಾಭ, ಮನೆಗೂ ಲಾಭ. ಗೃಹಸಾಲ ಕೊಡುವ ಬ್ಯಾಂಕುಗಳು ಸಾಲದ ಮೊತ್ತಕ್ಕಷ್ಟೇ ವಿಮೆ ಮಾಡಿಸಿ ಕೈತೊಳೆದುಕೊಳ್ಳದೆ, ಮನೆ ಮತ್ತೆ ಕಟ್ಟುವ ವೆಚ್ಚಕ್ಕೆ ವಿಮೆ ಇದೆಯೇ ಎಂದು ನೋಡಬೇಕು.

ಇವೆಲ್ಲ ಆಗಲು ಕಾಲ ಬೇಕು. ಅಲ್ಲಿಯವರೆಗೆ ತೀರ್ಮಾನ ಇಷ್ಟು: ಹಠಾತ್ತಾಗಿ ಬಂದೆರಗುವ ಹಾನಿಗೆ ವಿಮೆ ಇರಲಿ, ನಿಧಾನವಾಗಿ ತಿನ್ನುವ ಹಾನಿಯನ್ನು ನಾವೇ ತಡೆಯಬೇಕು. ಎರಡರಲ್ಲಿ ಒಂದಿದ್ದರೆ ಸಾಲದು. ಈ ವಾರವೇ ನಿಮ್ಮ ಪಾಲಿಸಿ ಪತ್ರವನ್ನು ಕಪಾಟಿನಿಂದ ತೆಗೆದು ಓದಿ, ವಿಮಾ ಮೊತ್ತ ಸಾಲುತ್ತದೆಯೇ ನೋಡಿ. ಮುಂದಿನ ಮಳೆಗೆ ಮುನ್ನ ಸೂರಿನ ದೋಣಿಯನ್ನು ಸ್ವಚ್ಛ ಮಾಡಿಸಿ, ಫೋಟೊ ತೆಗೆದಿಡಿ. ಪಾಲಿಸಿ ಇಲ್ಲದವರು ಒಂದು ಮಾಡಿಸಿ.